ನಗುಮುಖ ಅಂಟಿಸಿದ ಫೋಟೋ

ಗುರುವಾರ ಸಂಜೆ ನಾಲ್ಕೂವರೆಗೆ ದೂರು ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ದಫೇದಾರ ಒಂದು ಕೊಡೆಯ ಫೋಟೋ ತೆಗೆಯುವುದರಲ್ಲಿ ಮುಳುಗಿಹೋಗಿದ್ದ.

ಎರಡು ಕಡ್ಡಿ ಮುರಿದ ಕೊಡೆ. ಯಾರೋ ಬಸ್ಸಿನಲ್ಲಿ ಬಿಟ್ಟುಹೋದದ್ದನ್ನು ಕಂಡಕ್ಟರು ತಂದು ಕೊಟ್ಟಿದ್ದ. ಅದನ್ನು ಕಿಟಕಿಯ ಬೆಳಕಿಗೆ ಬಿಚ್ಚಿಟ್ಟು, ಮುರಿದ ಕಡ್ಡಿ ಕಾಣದ ಹಾಗೆ ಆ ಕಡೆ ಈ ಕಡೆ ತಿರುಗಿಸಿ, ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದ ದಫೇದಾರನನ್ನು ಕಂಡರೆ ಕೊಡೆಗೇ ನಾಚಿಕೆಯಾಗಬೇಕು.

ಠಾಣೆಗೆ ಸಾಮಾಜಿಕ ಜಾಲತಾಣದಲ್ಲಿ ಒಂದು ಪುಟವಿತ್ತು. ಊರಿನಲ್ಲಿ ಕಳೆದುಹೋಗಿ ಠಾಣೆಗೆ ಬಂದು ಬಿದ್ದ ಕೊಡೆ, ಕೀಲಿಕೈ, ಚೀಲ, ಫೋನು ಎಲ್ಲದರ ಫೋಟೋ ಅಲ್ಲಿ ಹತ್ತುತ್ತಿತ್ತು. ಕಳೆದುಕೊಂಡವರು ಬಂದು ತೆಗೆದುಕೊಂಡರೆ ಅದಕ್ಕೂ ಒಂದು ಫೋಟೋ. ಪುಟ ಶುರುವಾಗಿದ್ದು ದಫೇದಾರನ ಕೈಯಲ್ಲಿ, ಬೆಳೆದದ್ದು ಅವನ ಬಾಯಲ್ಲಿ.

"ಒಂದ್ಸಲ ಹಲ್ಲಿನ ಸೆಟ್ ಸಿಕ್ಕಿತ್ತು," ಎಂದು ಅವನು ಶುರುಮಾಡಿದರೆ ಕೇಳುವವರು ಕೆಲಸ ಬಿಡಬೇಕಾಗುತ್ತಿತ್ತು. "ಪುಟಕ್ಕೆ ಹಾಕಿ ಹತ್ತು ನಿಮಿಷ ಆಗಿಲ್ಲ, ಮೂರು ಜನ ಬಾಯಿ ತೆರ್ಕೊಂಡು ಬಂದ್ರು. ಮೂವರಿಗೂ ಸರಿಯಾಗಿ ಕೂತ್ಕೊಂಡ್ತು ನೋಡಿ. ಕೊನೆಗೆ ಚಕ್ಕುಲಿ ತರಿಸಿ ಯಾರು ಕಚ್ತಾರೆ ಅಂತ ಪರೀಕ್ಷೆ ಮಾಡ್ಬೇಕಾಯ್ತು."

ಪೇದೆಗಳು ಅವನಿಗೆ ಲೈಕಪ್ಪ ಎಂದು ಹೆಸರಿಟ್ಟಿದ್ದರು. ಪುಟದ ನೆತ್ತಿಯ ಮೇಲೆ 'ಬೇಗ ಉತ್ತರ ಕೊಡುವ ಪುಟ' ಎಂಬ ಪಟ್ಟಿಯೊಂದು ತಾನಾಗಿಯೇ ಬಂದು ಕೂತಿತ್ತು. ಅದು ಬಿದ್ದುಹೋಗಬಾರದೆಂದು ದಫೇದಾರ ಊಟದ ಕೈಯಲ್ಲೂ ಉತ್ತರ ಬರೆಯುತ್ತಿದ್ದ.

ಬಾಗಿಲಲ್ಲಿ ಹೆಂಗಸೊಬ್ಬಳು ನಿಂತಿದ್ದಳು. ಸೀರೆಯ ಮೇಲೆ ಲಾಂಡ್ರಿಯ ನೀಲಿ ಅಂಗಿ, ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಎಲ್ಲಿ ಬಿತ್ತೋ ಅವಳಿಗೇ ತಿಳಿದಂತಿರಲಿಲ್ಲ.

"ಏನ್ ತಾಯಿ, ಮತ್ತೆ ಫೋನ್ ಕಳ್ಕೊಂಡ್ರಾ?" ಅಂದ ದಫೇದಾರ. ಅವಳ ಗುರುತು ಅವನಿಗಿತ್ತು. ಹೋದ ತಿಂಗಳು ಅವಳ ಫೋನು ಸಿಕ್ಕಿ ಅವನೇ ಕೈಗೆ ಕೊಟ್ಟಿದ್ದ.

"ಮಗಳು," ಅಂದಳು ಅವಳು. "ಮಗಳನ್ನ ಕರ್ಕೊಂಡು ಹೋಗಿದಾರೆ."

ದಫೇದಾರ ಕೊಡೆ ಮಡಚಿ ಕೆಳಗಿಟ್ಟ.

ಇನ್‌ಸ್ಪೆಕ್ಟರ್ ಒಳಗಿನ ಕೋಣೆಯಿಂದ ಎದ್ದು ಬಂದರು. ಅಳೆದು ಸುರಿದ ಹಾಗೆ ಮಾತಾಡುವ ಹೆಂಗಸು; ಅವರ ಮೇಜಿನ ಮೇಲೆ ಪೆನ್ನು ಕೂಡ ನೆಟ್ಟಗೆ ಮಲಗಿರುತ್ತಿತ್ತು. ಹೆಂಗಸಿಗೆ ಕುರ್ಚಿ ಕೊಡಿಸಿ, ನೀರು ಕುಡಿಸಿ, ಎದುರಿಗೆ ಕೂತರು.

"ಯಾರು ಕರ್ಕೊಂಡು ಹೋಗಿದ್ದು?"

"ಅವಳ ಅಪ್ಪ."

"ಹೇಗೆ ಗೊತ್ತು?"

"ಟ್ಯೂಷನ್ ಟೀಚರ್ ಫೋನ್ ಮಾಡಿದ್ರು. ಅಪ್ಪ ಬಂದಿದ್ರು, ಕಳಿಸ್ಕೊಟ್ಟೆ ಅಂತ. ಅಪ್ಪ ಇದಾನೆ ಅಂತ ನಾನು ಈ ಊರಲ್ಲಿ ಯಾರಿಗೂ ಹೇಳಿಲ್ಲ ಮೇಡಂ. ಸತ್ತೋಗಿದಾನೆ ಅಂತಲೇ ಹೇಳ್ಕೊಂಡು ಬಂದಿದೀನಿ."

"ಕೋರ್ಟ್ ಆದೇಶ ಏನಾದ್ರೂ?"

"ಇದೆ. ಮಗು ನನ್ನ ಹತ್ರ ಇರ್ಬೇಕು, ಅವ್ರು ನಮ್ಮ ಹತ್ರ ಸುಳೀಬಾರ್ದು ಅಂತ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಮೂರು ವರ್ಷ ಆಯ್ತು ಬಂದು. ಹೆಸರು ಬದಲಾಯಿಸ್ಕೊಂಡೆ. ಫೋನಲ್ಲಿ ಯಾವ ಖಾತೇನೂ ಇಟ್ಕೊಂಡಿಲ್ಲ. ಸ್ಕೂಲಲ್ಲಿ ಗ್ರೂಪ್ ಫೋಟೋ ದಿನ ಮಗೂಗೆ ಜ್ವರ ಅಂತ ಸುಳ್ಳು ಹೇಳ್ತೀನಿ. ನನ್ನ ಮುಖ ಯಾರ ಫೋನಲ್ಲೂ ಇಲ್ಲ. ಅವ್ರಿಗೆ ಹೇಗೆ ಗೊತ್ತಾಯ್ತು?"

ಎಫ್‌ಐಆರ್ ದಾಖಲಾಯಿತು. ಮಗುವಿಗೆ ಎಂಟು ವರ್ಷ, ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು. ಬಸ್ ನಿಲ್ದಾಣ, ರೈಲು ನಿಲ್ದಾಣ, ಊರಾಚೆಯ ಎರಡು ತಪಾಸಣಾ ಗೇಟು, ಎಲ್ಲಕ್ಕೂ ವೈರ್‌ಲೆಸ್ಸಿನಲ್ಲಿ ಚಹರೆ ಹೋಯಿತು. ಗಂಡನ ಹಳೆಯ ನಂಬರಿಗೆ ಹಚ್ಚಿದರೆ ಅದು ಯಾವ ಕಾಲದಲ್ಲೋ ಸತ್ತಿತ್ತು.

"ಅವಳಿಗೆ ಹೆದರಿಕೆ ಆದ್ರೆ ಕಿರುಚ್ತಾಳೆ," ಅಂದಳು ತಾಯಿ. "ಕಿರುಚಿದ್ರೆ ಅವ್ರಿಗೆ ಆಗಲ್ಲ. ಆಗ ಅವ್ರು ಏನ್ ಮಾಡ್ತಾರೆ ಅಂತ ಅವ್ರಿಗೇ ಗೊತ್ತಿರಲ್ಲ."

ಅವಳನ್ನು ಮಹಿಳಾ ಪೇದೆಯ ಜೊತೆ ಬಿಟ್ಟು ಇನ್‌ಸ್ಪೆಕ್ಟರ್ ಜೀಪು ಹತ್ತಿದರು. ಹಿಂದೆ ದಫೇದಾರ.

ಟ್ಯೂಷನ್ ಮನೆ ಒಂದು ಇಕ್ಕಟ್ಟಿನ ಓಣಿಯಲ್ಲಿತ್ತು. ಒಳಗೆ ಗೋಡೆಗೆ ಒರಗಿಸಿದ ಕಪ್ಪುಹಲಗೆ, ಅದರ ಮೇಲೆ ಅರ್ಧ ಮಾಡಿ ಬಿಟ್ಟ ಭಾಗಾಕಾರ. ಟೀಚರಮ್ಮನ ಕೈಗೆ ಇನ್ನೂ ಸೀಮೆಸುಣ್ಣ ಮೆತ್ತಿತ್ತು.

"ಎಷ್ಟು ಗಂಟೆಗೆ ಬಂದ?"

"ಮೂರೂಮುಕ್ಕಾಲು ಇರ್ಬೇಕು."

"ಗುರುತಿಲ್ಲದವನ ಕೈಗೆ ಮಗು ಕೊಟ್ರಾ?"

"ಗುರುತಿಲ್ಲ ಅಂತ ಅನ್ನಿಸ್ಲಿಲ್ಲ ಮೇಡಂ. ಎಲ್ಲಾ ಸರಿಯಾಗಿ ಹೇಳಿದ್ರು. ತಾಯಿ ಲಾಂಡ್ರೀಲಿ ಕೆಲಸ ಮಾಡೋದು, ಮಗೂಗೆ ದಪ್ಪ ಕನ್ನಡಕ ಬಂದಿರೋದು. ಆಮೇಲೆ, ಹೋದ ತಿಂಗಳು ಅವಳ ಫೋನ್ ಕಳೆದುಹೋಗಿತ್ತಲ್ಲ, ಪೊಲೀಸ್ನೋರು ವಾಪಸ್ ಕೊಟ್ರಲ್ಲ, ಅದೂ ಹೇಳಿದ್ರು. ಅಪ್ಪ ಇಲ್ಲ ಅಂತ ಅವಳು ಹೇಳಿದ್ಲಲ್ಲ ಅಂದ್ರೆ, ಜಗಳದ ಸಿಟ್ಟಿಗೆ ಹಾಗೆ ಹೇಳ್ತಾಳೆ ಅಂತ ನಕ್ರು. ಮನೆಯವರಲ್ದೆ ಇನ್ಯಾರಿಗೆ ಗೊತ್ತಿರತ್ತೆ ಅದೆಲ್ಲಾ?" ಟೀಚರಮ್ಮ ಕೈ ಒರೆಸಿಕೊಂಡಳು. "ಮೆತ್ತಗೆ ಮಾತಾಡೋ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ್ರು."

"ಮಗು ಏನಂತು?"

"ಏನೂ ಅನ್ಲಿಲ್ಲ. ಸುಮ್ಮನೆ ಎದ್ದು ಹೋಯ್ತು. ಒಳ್ಳೆ ಮಗು, ಹೇಳಿದ ಮಾತು ಕೇಳತ್ತೆ ಅಂದ್ಕೊಂಡೆ." ಆಮೇಲೆ ತನ್ನ ಮಾತು ತನಗೇ ಕೇಳಿಸಿದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದಳು.

ಓಣಿಯ ತಿರುವಿನಲ್ಲಿ, ಮೋರಿಯ ಪಕ್ಕ, ಪೇದೆಯೊಬ್ಬ ಕೂಗಿ ಕರೆದ. ನೀಲಿ ಫ್ರೇಮಿನ ಪುಟ್ಟ ಕನ್ನಡಕ ಬಿದ್ದಿತ್ತು. ಒಂದು ಕಡ್ಡಿ ಮುರಿದಿತ್ತು, ಒಂದು ಗಾಜು ಬಿರುಕು ಬಿಟ್ಟಿತ್ತು. ಅಲ್ಲಿಗೆ ಬರುವವರೆಗೆ ಮಾತು ಕೇಳಿದ ಮಗು ಆ ತಿರುವಿನಲ್ಲಿ ಕೇಳಿರಲಿಲ್ಲ. ಟೀಚರಮ್ಮ ಮತ್ತು ಎದುರುಮನೆಯ ಮೇಷ್ಟ್ರನ್ನು ಪಂಚರನ್ನಾಗಿ ಕರೆದು ಸ್ಥಳದಲ್ಲೇ ಪಂಚನಾಮೆ ಬರೆದು, ಕನ್ನಡಕವನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು. ಯಾರಿಗೂ ಹೇಳಬಾರದೆಂದು ಪಂಚರಿಗೆ ಇನ್‌ಸ್ಪೆಕ್ಟರ್ ಎರಡೆರಡು ಸಲ ಹೇಳಿದರು.

"ಫೋನ್ ವಾಪಸ್ ಸಿಕ್ಕಿದ್ದು ಇವನಿಗೆ ಹೇಗೆ ಗೊತ್ತು?" ಜೀಪಿನತ್ತ ನಡೆಯುತ್ತ ಇನ್‌ಸ್ಪೆಕ್ಟರ್ ತಮಗೆ ತಾವೇ ಎಂಬಂತೆ ಕೇಳಿಕೊಂಡರು. "ಅವತ್ತು ಠಾಣೇಲಿ ಯಾರ್ಯಾರಿದ್ರು ದಫೇದಾರ್ರೇ?"

"ನಾನಿದ್ದೆ ಮೇಡಂ," ಅಂದ ದಫೇದಾರ.

ಕಡ್ಡಿಪೆಟ್ಟಿಗೆ ತರುತ್ತೇನೆಂದು ಸುಳ್ಳು ಹೇಳಿ ಅವನು ಓಣಿಯ ಹಿಂಬದಿಗೆ ಬಂದ. ಅವನು ಬೀಡಿ ಬಿಟ್ಟು ವರ್ಷಗಳಾಗಿದ್ದವು. ಒಣಹಾಕಿದ ಬಟ್ಟೆಗಳ ಮರೆಯಲ್ಲಿ ನಿಂತು ಪುಟ ತೆರೆದ.

ಫೋಟೋ ಅಲ್ಲೇ ಇತ್ತು. ಠಾಣೆಯ ಮೇಜು, ಮೇಜಿನ ಈ ಕಡೆ ಹಲ್ಲು ಕಿರಿದುಕೊಂಡು ತಾನು, ಆ ಕಡೆ ಬಲಗೈಯಲ್ಲಿ ಫೋನು ಹಿಡಿದ ಹೆಂಗಸು. ಫೋಟೋ ಬೇಡ ಸಾರ್ ಎಂದು ಅವಳು ಅವತ್ತು ಹೇಳಿದ್ದಳು. "ಮುಖಕ್ಕೆ ನಗುಮುಖ ಅಂಟಿಸ್ತೀನಿ ತಾಯಿ, ನಿಮ್ಮ ಹೆತ್ತಮ್ಮನಿಗೂ ಗುರುತು ಸಿಗಲ್ಲ," ಎಂದು ಇವನು ಅಂದಿದ್ದ. ಕೊಟ್ಟ ಮಾತಿನಂತೆ ಅಂಟಿಸಿದ್ದ. ಅವಳ ಕತ್ತಿನ ಮೇಲೆ ಹಳದಿ ಚಂದ್ರನ ಹಾಗೆ ಒಂದು ನಗುಮುಖ ಕೂತಿತ್ತು. ಮಗುವಿನ ಫೋಟೋ ಅಂತೂ ತೆಗೆದೇ ಇರಲಿಲ್ಲ. ಇದರಲ್ಲಿ ಗುರುತು ಹಿಡಿಯುವುದಕ್ಕೆ ಏನಿದೆ ಎಂದು ಅವನಿಗೆ ಒಂದು ಗಳಿಗೆ ಉಸಿರು ಬಂತು.

ಆಮೇಲೆ ಪುಟಕ್ಕೆ ಬಂದ ಸಂದೇಶಗಳ ಪೆಟ್ಟಿಗೆ ತೆರೆದ. ಬಂದ ಉಸಿರು ಅಲ್ಲೇ ನಿಂತಿತು.

ಮುಖವಿಲ್ಲದ ಖಾತೆ, ಮುಖದ ಜಾಗದಲ್ಲಿ ಒಂದು ಗುಲಾಬಿ ಹೂವು.

'ಅಣ್ಣಾ, ಫೋನ್ ಸಿಕ್ಕಿದ ಆ ಹೆಂಗಸು ನನ್ನ ಗೆಳತಿ. ಮೊದಲು ಜೊತೆಗೆ ಕೆಲಸ ಮಾಡ್ತಿದ್ವಿ. ಅವಳ ನಂಬರ್ ಕಳೆದುಹೋಗಿದೆ. ಈಗ ಎಲ್ಲಿದಾಳೆ?'

ಕೆಳಗೆ ದಫೇದಾರನದೇ ಉತ್ತರ. 'ನಂಬರ್ ಕೊಡೋಕೆ ಆಗಲ್ಲ ತಂಗಿ, ನಮಗೂ ರೂಲ್ಸ್ ಇದೆ. ಆದ್ರೆ ಚೆನ್ನಾಗಿದಾರೆ, ಚಿಂತೆ ಬೇಡ. ಬಸ್ ಸ್ಟ್ಯಾಂಡ್ ಹಿಂದಿನ ದೊಡ್ಡ ಲಾಂಡ್ರೀಲಿ ಇಸ್ತ್ರಿ ಕೆಲಸ. ಹೋದ್ರೆ ಸಿಗ್ತಾರೆ. ಮಗಳೂ ಬಂದಿದ್ಲು, ದಪ್ಪ ಕನ್ನಡಕ ಬಂದಿದೆ ಪಾಪ, ಬಲು ಚೂಟಿ.' ಕೊನೆಯಲ್ಲಿ ಒಂದು ನಗುಮುಖ.

ನಂಬರ್ ಕೊಡದೆ ಕಾನೂನು ಕಾಪಾಡಿದೆ ಎಂದು ಅವತ್ತು ರಾತ್ರಿ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡದ್ದೂ ಅವನಿಗೆ ನೆನಪಾಯಿತು.

ಸಂದೇಶದ ಪಕ್ಕದಲ್ಲೇ 'ಅಳಿಸು' ಎಂದಿತ್ತು. ಹೆಬ್ಬೆರಳು ಅದರ ಮೇಲೆ ಹೋಗಿ ನಿಂತಿತು. ಒಂದು ಸಲ ಒತ್ತಿದರೆ ಸಾಕು. ಊರಲ್ಲಿ ಯಾರು ಬೇಕಾದರೂ ಹೇಳಿರಬಹುದು, ಲಾಂಡ್ರಿಯವರು, ಸ್ಕೂಲಿನವರು, ಓಣಿಯವರು. ಆದರೆ ಮಗುವಿನ ಹತ್ತಿರಕ್ಕೆ ಹೋಗುವ ದಾರಿ ಎಂದು ಈ ಭೂಮಿಯ ಮೇಲೆ ಏನಾದರೂ ಇದ್ದರೆ ಅದು ಈ ಗುಲಾಬಿ ಹೂವು ಒಂದೇ. ಅಳಿಸಿದರೆ ದಫೇದಾರ ಉಳಿಯುತ್ತಾನೆ. ಮಗುವಿನ ಮಾತು ಬೇರೆ.

ಅವನು ಜೀಪಿನ ಹತ್ತಿರ ಬಂದು ಫೋನನ್ನು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟ. "ನಾನೇ ಹೇಳಿದ್ದು ಮೇಡಂ," ಅಂದ.

ಇನ್‌ಸ್ಪೆಕ್ಟರ್ ಮೇಲಿನಿಂದ ಕೆಳಗಿನವರೆಗೆ ಓದಿದರು. ಬೈಯುತ್ತಾರೆ ಎಂದು ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಳಿಸಿಲ್ಲ ತಾನೇ ಏನೂ?"

"ಇಲ್ಲ ಮೇಡಂ."

"ಹತ್ತಿ."

ಠಾಣೆಗೆ ಬಂದು ಫೋನನ್ನು ತಾಯಿಯ ಮುಂದಿಟ್ಟರು. ಅವಳು ಫೋಟೋ ನೋಡಿದಳು. ಆಮೇಲೆ ಹಳದಿ ಮುಖವನ್ನು ಬಿಟ್ಟು, ಫೋನು ಹಿಡಿದ ಬಲಗೈಯ ಮೇಲೆ ಬೆರಳಿಟ್ಟಳು. ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದ ಕಲೆ.

"ಅದು ಕೆಲಸದಲ್ಲಿ ಸುಟ್ಟಿದ್ದಲ್ವಾ ತಾಯಿ?" ಅಂದ ದಫೇದಾರ. ಫೋನು ಕೊಟ್ಟ ದಿನ ಅವನೇ ಆ ಕಲೆ ನೋಡಿ, ಇಸ್ತ್ರಿ ಮಾಡೋರಿಗೆ ಇದೇ ಮೆಡಲ್ಲು ಎಂದು ನಗೆಯಾಡಿದ್ದ. ಅವಳೂ ನಕ್ಕಿದ್ದಳು.

ಇನ್‌ಸ್ಪೆಕ್ಟರ್ ಕೇಳಿದರು, "ನೀವು ಇಸ್ತ್ರಿ ಹಿಡಿಯೋದು ಯಾವ ಕೈಲಿ?"

"ಬಲಗೈಲಿ."

"ಹಿಡಿದಿರೋ ಕೈ ಸುಡೋದಿಲ್ಲ," ಅಂದರು ಇನ್‌ಸ್ಪೆಕ್ಟರ್, ದಫೇದಾರನ ಕಡೆ ನೋಡದೆ.

"ಮಾಡಿದೋರಿಗೆ ಗುರುತು ಸಿಗದೆ ಇರತ್ತಾ," ಅಂದಳು ತಾಯಿ. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಮುಖ ಮುಚ್ಚಿದ್ರಲ್ಲ ಅಂತ ನಾನು ನಿಮಗೆ ಥ್ಯಾಂಕ್ಸ್ ಹೇಳಿ ಹೋಗಿದ್ದೆ ಸಾರ್."

ದಫೇದಾರನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೂಲೆಯಲ್ಲಿ ಮಡಚಿಟ್ಟ ಕೊಡೆ ನೋಡಿದ.

"ಇಷ್ಟು ಊರು, ಇಷ್ಟು ಠಾಣೆ," ಅಂದರು ಇನ್‌ಸ್ಪೆಕ್ಟರ್. "ಈ ಪುಟವನ್ನ ಅವನು ಹುಡುಕಿದ್ದಾದ್ರೂ ಹೇಗೆ?"

"ನಾನು ಮರೆವಿನವಳು ಮೇಡಂ. ಕೀಲಿ, ಕೊಡೆ, ಪರ್ಸು, ಏನ್ ಕೈಲಿದ್ರೂ ಬಿಟ್ಟು ಬರ್ತೀನಿ. ಮೊದಲಿಂದ್ಲೂ ಹಾಗೇ. ಅವ್ರು ಹೊಡೀತಿದ್ದಿದ್ದೇ ಅದಕ್ಕೆ." ಅವಳು ಸೆರಗು ಎಳೆದು ಮಣಿಕಟ್ಟು ಮುಚ್ಚಿಕೊಂಡಳು. "ಎಲ್ಲೇ ಹೋದ್ರೂ ಏನಾದ್ರೂ ಕಳ್ಕೊಳ್ತಾಳೆ ಅಂತ ಅವ್ರಿಗೆ ಗೊತ್ತು."

ಗುಲಾಬಿ ಖಾತೆ ಯಾರದ್ದೆಂದು ಕೇಳಿ ಜಾಲತಾಣದ ಕಂಪನಿಗೆ ತುರ್ತು ಪತ್ರ ಹೋಗಿತ್ತು. ಪತ್ರ ಸಿಕ್ಕಿದೆ, ಪರಿಶೀಲಿಸುತ್ತೇವೆ ಎಂದು ಯಂತ್ರದ ಉತ್ತರ ಬಂದಿತ್ತು. ಬಸ್ ನಿಲ್ದಾಣದಿಂದ ಏನೂ ಇಲ್ಲ. ರೈಲು ನಿಲ್ದಾಣದಿಂದ ಏನೂ ಇಲ್ಲ. ಲಾಡ್ಜುಗಳಿಗೆ ಹೋದ ಪೇದೆಗಳು ಒಬ್ಬೊಬ್ಬರಾಗಿ ಬರಿಗೈಯಲ್ಲಿ ಬಂದರು. ತಾಯಿ ಗೋಡೆ ಗಡಿಯಾರದ ಕೆಳಗೆ ಕೂತಿದ್ದಳು, ಒಂದು ಕಾಲಿನ ಚಪ್ಪಲಿಯನ್ನು ಇನ್ನೂ ಬಿಚ್ಚದೆ.

ಆರು ಗಂಟೆ ಹತ್ತು ನಿಮಿಷಕ್ಕೆ ದಫೇದಾರನ ಫೋನು ಕುಂಯ್‌ಗುಟ್ಟಿತು. ಅಭ್ಯಾಸಬಲ, ಕೈ ತಾನಾಗಿಯೇ ಹೋಯಿತು. ನೋಡಿದವನು ಎದ್ದು ನಿಂತ.

ಗುಲಾಬಿ ಹೂವು.

'ಅಣ್ಣಾ ನಮಸ್ಕಾರ. ಮಗುವಿನ ಕನ್ನಡಕ ಏನಾದ್ರೂ ಸಿಕ್ಕಿದೆಯಾ? ನೀಲಿ ಫ್ರೇಮು. ನಮ್ಮ ಅಕ್ಕನ ಮಗಳದ್ದು.'

ಇನ್‌ಸ್ಪೆಕ್ಟರ್, ಮಹಿಳಾ ಪೇದೆ, ದಫೇದಾರ ಮೂವರ ತಲೆಗಳೂ ಆ ಪುಟ್ಟ ಗಾಜಿನ ಮೇಲೆ ಬಗ್ಗಿದವು. ಮೇಜಿನ ಮೇಲೆ ಮೊಹರು ಮಾಡಿದ ಲಕೋಟೆಯೊಳಗೆ ನೀಲಿ ಫ್ರೇಮು ಮಲಗಿತ್ತು.

"ಊರಲ್ಲೇ ಇದಾನೆ," ಅಂದರು ಇನ್‌ಸ್ಪೆಕ್ಟರ್. "ಬಸ್ ಸ್ಟ್ಯಾಂಡಲ್ಲಿ ನಮ್ಮವರನ್ನ ನೋಡಿ ಹಿಂದೆ ಸರಿದಿದಾನೆ."

"ಕನ್ನಡಕ ಇಲ್ದೆ ಅವಳಿಗೆ ಮೆಟ್ಟಿಲೂ ಕಾಣಲ್ಲ," ಅಂದಳು ತಾಯಿ. "ಬೀಳ್ತಾ ಇರ್ತಾಳೆ. ಅಳ್ತಾ ಇರ್ತಾಳೆ. ಜನ ನೋಡ್ತಾರೆ, ಅವ್ರಿಗೆ ಅದಾಗಲ್ಲ."

"ಉತ್ತರ ಕೊಡಿ ದಫೇದಾರ್ರೇ."

"ಏನಂತ ಮೇಡಂ?" ಅವನು ಫೋನನ್ನು ಅವರ ಕಡೆ ಚಾಚಿದ. "ನೀವೇ ಬರೀರಿ. ಇನ್ನು ನಾನು ಬರೆಯಲ್ಲ."

"ನಾನು ಬರೆದ್ರೆ ಅವನಿಗೆ ವಾಸನೆ ಹತ್ತತ್ತೆ. ನೀವು ಯಾವಾಗ್ಲೂ ಹೇಗೆ ಬಾಯಿ ಬಿಡ್ತೀರೋ ಹಾಗೇ ಬಿಡಿ. ಒಂದು ಅಕ್ಷರ ಜಾಣತನ ಬೇಡ." ಇನ್‌ಸ್ಪೆಕ್ಟರ್ ಲಕೋಟೆಯನ್ನು ದೀಪಕ್ಕೆ ಹಿಡಿದರು. ಮುರಿಯದ ಕಡ್ಡಿಯ ಒಳಬದಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಅಂಗಡಿಯ ಹೆಸರಿತ್ತು. ಗಡಿಯಾರ ಗೋಪುರದ ಎದುರಿನ ಕನ್ನಡಕದಂಗಡಿ. "ಅವನಿಗೆ ಈಗ ಬೇಕಾಗಿರೋದು ಕನ್ನಡಕ. ಎಲ್ಲಿ ಸಿಗತ್ತೆ ಅಂತ ಹೇಳಿ."

ದಫೇದಾರ ಬರೆದ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಬರೆದ ಯಾವ ವರದಿಗೂ ಇಷ್ಟು ಬೆವರು ಸುರಿದಿರಲಿಲ್ಲ.

'ಸಿಕ್ಕಿದೆ ತಂಗಿ, ಆದ್ರೆ ಹಾಳಾಗಿಹೋಗಿದೆ, ಗಾಜು ಒಡೆದಿದೆ. ನೀವು ಇಲ್ಲಿಗೆ ಬಂದು ಕಾಯೋ ಬದಲು ಸೀದಾ ಅಂಗಡಿಗೇ ಹೋಗಿ. ಗಡಿಯಾರ ಗೋಪುರದ ಎದುರಿಗೇ ಇದೆ. ಮಗುವಿನ ಕಣ್ಣಿನ ನಂಬರ್ ಅವರ ಹತ್ರ ಬರೆದಿಟ್ಟಿರ್ತಾರೆ, ಅರ್ಧ ಗಂಟೇಲಿ ಮಾಡಿಕೊಡ್ತಾರೆ. ಬೇರೆ ಕಡೆ ಹೋದ್ರೆ ಎರಡು ದಿನ ಅಂತಾರೆ ನೋಡಿ.'

ಅವನು ತಲೆ ಎತ್ತಿದ.

"ಕೊನೇಲಿ ಯಾವಾಗ್ಲೂ ನಗುಮುಖ ಹಾಕ್ತೀರಲ್ಲ?" ಅಂದರು ಇನ್‌ಸ್ಪೆಕ್ಟರ್.

"ಹೂಂ ಮೇಡಂ."

"ಹಾಕಿ."

ಹಾಕಿದ. ಅದೇ ಹಳದಿ ಮುಖ.

ಉತ್ತರ ತಕ್ಷಣ ಬಂತು. 'ಥ್ಯಾಂಕ್ಸ್ ಅಣ್ಣಾ. ಊರಲ್ಲಿ ಏನು ಇವತ್ತು ಇಷ್ಟು ಪೊಲೀಸ್? ನಮಗೆ ರಾತ್ರಿ ಬಸ್ಸಿಗೆ ಹೋಗಬೇಕಿತ್ತು.'

ದಫೇದಾರ ಕೇಳದೆಯೇ ಬರೆಯತೊಡಗಿದ. 'ಅಯ್ಯೋ ಅದೇನೋ ಕೇಸು ತಂಗಿ. ಇರೋ ಬರೋರನ್ನೆಲ್ಲ ಬಸ್ ಸ್ಟ್ಯಾಂಡಿಗೂ ಸ್ಟೇಷನ್ನಿಗೂ ಹಾಕಿದಾರೆ. ಪೇಟೇಲಿ ನೋಡೋಕೆ ಒಬ್ಬ ಪೇದೆ ಇಲ್ಲ. ಒಂಬತ್ತಕ್ಕೆಲ್ಲಾ ಎತ್ತಿಬಿಡ್ತಾರೆ, ನನಗೂ ಊಟ ಬಿಟ್ಟುಹೋಗಿದೆ.' ನಗುಮುಖ.

ಇನ್‌ಸ್ಪೆಕ್ಟರ್ ಅದನ್ನು ಓದಿ ಎದ್ದರು. ಬೆಲ್ಟಿನಿಂದ ಪಿಸ್ತೂಲು ಬಿಚ್ಚಿ, ಸಮವಸ್ತ್ರದ ಮೇಲೆ ಮಹಿಳಾ ಪೇದೆಯ ಹೂವಿನ ಚಿತ್ರದ ಉದ್ದ ಕೋಟು ಹಾಕಿಕೊಂಡು, ಅದರ ಒಳಗೆ ಇಟ್ಟುಕೊಂಡರು.

ಕನ್ನಡಕದಂಗಡಿಯ ಮಾಲೀಕ ವಯಸ್ಸಾದವರು. ವಿಷಯ ಕೇಳಿ ಅವರ ಕನ್ನಡಕವೇ ಜಾರಿ ಮೂಗಿನ ತುದಿಗೆ ಬಂತು. "ನಾನು ಏನ್ ಮಾಡ್ಬೇಕು?" ಅಂದರು.

"ಯಾವಾಗ್ಲೂ ಏನ್ ಮಾಡ್ತೀರೋ ಅದು."

ಅಂಗಡಿ ಉದ್ದಕ್ಕೆ ಇತ್ತು. ಮುಂದೆ ಗಾಜಿನ ಕಪಾಟು, ಹಿಂದೆ ಪರದೆ ಎಳೆದ ಕತ್ತಲೆಯ ಕೋಣೆ, ಕಣ್ಣು ಪರೀಕ್ಷೆಗೆ. ಇನ್‌ಸ್ಪೆಕ್ಟರ್ ಕನ್ನಡಿಯ ಮುಂದೆ ಕೂತು ಒಂದೊಂದೇ ಫ್ರೇಮು ಹಾಕಿ ನೋಡತೊಡಗಿದರು. ಪೇದೆಗಳು ಎದುರಿನ ಔಷಧಿ ಅಂಗಡಿಯಲ್ಲಿ. ದಫೇದಾರ ಪರದೆಯ ಹಿಂದೆ. ಅವನ ಮುಖವನ್ನು ಪುಟದಲ್ಲಿ ನೋಡದವರಿರಲಿಲ್ಲ. ಕತ್ತಲೆಯಲ್ಲಿ ದೀಪ ಹೊತ್ತಿದ ಅಕ್ಷರದ ಹಲಗೆಯೊಂದೇ ಅವನಿಗೆ ಜೊತೆ. ಮೇಲಿನ ಸಾಲಿನಲ್ಲಿ ದೊಡ್ಡ ಅಕ್ಷರ ಒಂದು, ಕೆಳಗೆ ಹೋಗುತ್ತ ಹೋಗುತ್ತ ಇರುವೆ ಸಾಲು. ಎಷ್ಟು ಸಲ ಓದಿದನೋ.

ಏಳು ಗಂಟೆಗೆ ಸ್ವಲ್ಪ ಮೊದಲು ಬಾಗಿಲ ಗಂಟೆ ಸದ್ದಾಯಿತು.

"ಮಗುಗೆ ಕನ್ನಡಕ ಆಗ್ಬೇಕಿತ್ತು. ನಂಬರ್ ನಿಮ್ಮ ಹತ್ರ ಇದೆಯಂತೆ." ಮೆತ್ತನೆಯ ದನಿ. ಪರದೆಯ ಸಂದಿಯಲ್ಲಿ ದಫೇದಾರ ನೋಡಿದ. ಗರಿಗರಿ ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಬಾಚಿದ ತಲೆ. ಬಸ್ಸಿನಲ್ಲಿ ಸಿಕ್ಕಿದರೆ ಸೀಟು ಬಿಟ್ಟುಕೊಡುವ ಜಾತಿಯವನಂತೆ ಕಾಣುತ್ತಿದ್ದ. ಅವನ ಪಕ್ಕದಲ್ಲಿ ಗುಬ್ಬಿ. ಎರಡು ಮಂಡಿಯೂ ತರಚಿತ್ತು. ತಲೆಗೆ ದೊಡ್ಡವರ ಟೋಪಿ. ಅವಳ ಮೇಲ್ದೋಳನ್ನು ಅವನು ಬೆರಳು ಹೂತುಹೋಗುವಷ್ಟು ಬಿಗಿಯಾಗಿ ಹಿಡಿದಿದ್ದ.

"ಒಂದ್ಸಲ ಪರೀಕ್ಷೆ ಮಾಡಿಬಿಡೋಣ," ಅಂದರು ಮಾಲೀಕರು, ಯಾವಾಗಲೂ ಹೇಳುವ ಹಾಗೆ. "ಒಳಗೆ ಬಾ ಮರಿ."

"ಬೇಡ. ಇರೋ ನಂಬರಿಗೇ ಮಾಡಿ."

"ಮಕ್ಕಳಿಗೆ ನಂಬರ್ ಬದಲಾಗ್ತಾ ಇರತ್ತೆ ಸಾರ್. ಎರಡೇ ನಿಮಿಷ."

ಅವನು ಯೋಚಿಸಿದ. ಕನ್ನಡಿಯ ಮುಂದಿನ ಹೆಂಗಸು ಇನ್ನೊಂದು ಫ್ರೇಮು ಏರಿಸಿ, ಅವನ ಕಡೆ ತಿರುಗಿ, "ಇದು ನನಗೆ ಒಪ್ಪತ್ತಾ ನೋಡಿ ಸಾರ್," ಅಂದಳು. ಅಪರಿಚಿತ ಹೆಂಗಸು ಮಾತಾಡಿಸಿದಾಗ ಸಭ್ಯ ಗಂಡಸು ಏನು ಮಾಡುತ್ತಾನೋ ಅವನೂ ಅದನ್ನೇ ಮಾಡಿದ. ಸಣ್ಣಗೆ ನಕ್ಕು, ಒಂದು ಹೆಜ್ಜೆ ಹಿಂದೆ ಸರಿದ. ತೋಳು ಬಿಟ್ಟ.

"ಬಾ ಮರಿ," ಅಂದರು ಮಾಲೀಕರು. ಗುಬ್ಬಿ ಕೈ ಮುಂದೆ ಚಾಚಿಕೊಂಡು, ಕಪಾಟು ತಡವುತ್ತ, ಪರದೆಯವರೆಗೆ ಬಂದಳು. ದಫೇದಾರ ಅವಳನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತ, ಏನಾದರೂ ಬಂದರೆ ತನ್ನ ಬೆನ್ನಿಗೇ ಬರಲಿ ಎಂದು.

"ಕಿರುಚಬೇಡ ಕಂದಾ," ಅಂದ ಪಿಸುದನಿಯಲ್ಲಿ. "ಅಮ್ಮ ಠಾಣೇಲಿದಾರೆ."

ಮಗು ಅವನ ಮುಖ ಕಾಣದೆ, ದನಿಯನ್ನೇ ಕೇಳಿಸಿಕೊಂಡು, "ನೀವು ಫೋಟೋ ಮಾಮನಾ?" ಎಂದು ಕೇಳಿತು.

ದಫೇದಾರನ ಬಾಯಿಗೆ ಮಾತು ಬರಲಿಲ್ಲ. ಅವನ ಜನ್ಮದಲ್ಲಿ ಹಾಗಾದದ್ದು ಅದೇ ಮೊದಲು.

ಹೊರಗೆ ಕುರ್ಚಿ ಬಿದ್ದ ಸದ್ದು. ಒಂದು ಗಾಜು ಒಡೆಯಿತು. "ಕೈ ಮೇಲೆ," ಎಂದ ಇನ್‌ಸ್ಪೆಕ್ಟರ್ ದನಿ. "ನಾನು ಅವಳ ಅಪ್ಪ," ಎಂಬ ಮೆತ್ತನೆಯ ದನಿ. "ಗೊತ್ತು. ಕೈ ಮೇಲೆ." ಬಾಗಿಲ ಗಂಟೆ ಎರಡು ಮೂರು ಸಲ ಬಡಿದುಕೊಂಡಿತು, ಪೇದೆಗಳು ನುಗ್ಗಿದ ರಭಸಕ್ಕೆ. ಏಳು ಗಂಟೆ ಐದು ನಿಮಿಷಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು ಎಂದು ಆಮೇಲೆ ಡೈರಿಯಲ್ಲಿ ಬರೆದರು.

ವಿಚಾರಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ತಾನೇನು ಮಾಡಿದ್ದೇನೆ ಎಂದು ಅವನಿಗೆ ಅರ್ಥವಾದಂತಿರಲಿಲ್ಲ. ಅವನ ಫೋನಿನಲ್ಲಿ ಊರೂರಿನ ಠಾಣೆಗಳ, ಬಸ್ ಡಿಪೋಗಳ, ಆಸ್ಪತ್ರೆಗಳ ಪುಟಗಳಿದ್ದವು, ಸಿಕ್ಕಿದ ವಸ್ತುಗಳನ್ನು ಹಾಕುವ ಪುಟಗಳು. ಮೂರು ವರ್ಷ ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದೊಂದನ್ನೂ ನೋಡಿದ್ದ. ಹೆಣ್ಣುಮಕ್ಕಳ ಪರ್ಸು, ಕೊಡೆ, ಕೀಲಿಗೊಂಚಲಿನ ಫೋಟೋಗಳನ್ನು ಉಳಿಸಿಟ್ಟುಕೊಂಡಿದ್ದ. ಲಾಂಡ್ರಿಯ ಸುಳಿವು ಸಿಕ್ಕಿದ ಮೇಲೆ ಅಲ್ಲಿ ಕಾದು, ಅವಳ ಹಿಂದೆಯೇ ಹೋಗಿ ಟ್ಯೂಷನ್ ಮನೆ ಗುರುತಿಟ್ಟುಕೊಂಡಿದ್ದ.

"ಯಾಕೆ?" ಅಂದರು ಇನ್‌ಸ್ಪೆಕ್ಟರ್.

"ಅವಳಿಗೆ ನಾನಿಲ್ದೆ ಆಗಲ್ಲ ಮೇಡಂ. ಮದುವೆಯಾದಾಗಿಂದ ಅವಳು ಕಳೆಯೋದು, ನಾನು ಹುಡುಕಿ ಕೊಡೋದು. ಬೇರೆ ಯಾರೋ ಹುಡುಕಿಕೊಟ್ಟು, ಅವಳು ಅವರ ಎದುರು ನಿಂತಿರೋದು ನೋಡಿದೆ. ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

"ಕೈ ಸುಟ್ಟಿದ್ದು?"

"ಇಸ್ತ್ರಿ ಆರಿಸೋದು ಮರೆತಿದ್ಲು," ಅಂದ ಅವನು. "ಮುಂದಕ್ಕೆ ನೆನಪಿರ್ಲಿ ಅಂತ."

ಅವನು ದಫೇದಾರನ ಕಡೆ ತಿರುಗಿ, ಯಾವ ವ್ಯಂಗ್ಯವೂ ಇಲ್ಲದೆ, "ನಿಮ್ಮ ಪುಟದಿಂದ ತುಂಬಾ ಉಪಕಾರ ಆಯ್ತು," ಅಂದ.

ಪುಟದ ಸಂದೇಶಗಳೆಲ್ಲ ಪಂಚನಾಮೆಯಲ್ಲಿ ಸೇರಿದವು. ಸಾಕ್ಷಿಗಳ ಪಟ್ಟಿಯಲ್ಲಿ ದಫೇದಾರನ ಹೆಸರು ಬಂತು, ಇಲಾಖಾ ವಿಚಾರಣೆಯ ನೋಟಿಸೂ ಬಂತು. ಎರಡಕ್ಕೂ ಅವನು ಒಂದೇ ಪೆನ್ನಿನಲ್ಲಿ ಸಹಿ ಹಾಕಿದ. ಪುಟ ಮುಚ್ಚಿತು. ಕೊಡೆಯ ಫೋಟೋ ಹತ್ತಲೇ ಇಲ್ಲ.

ವಾರ ಕಳೆದು ತಾಯಿ ಮಗಳು ಹೇಳಿಕೆಗೆ ಸಹಿ ಹಾಕಲು ಬಂದರು. ಮಗುವಿನ ಕಣ್ಣಿಗೆ ಹೊಸ ಕನ್ನಡಕ. ತಾಯಿಯ ಮೈಮೇಲೆ ಮಣಿಕಟ್ಟು ಮುಚ್ಚುವಷ್ಟು ಉದ್ದ ತೋಳಿನ ಅಂಗಿ, ಅಂಥಾ ಸೆಕೆಯಲ್ಲೂ. ಊರಿಗೆಲ್ಲ ಅವಳು ಯಾರೆಂದು ಗೊತ್ತಾಗಿಹೋಗಿತ್ತು. ಲಾಂಡ್ರಿಯ ಬಾಗಿಲಲ್ಲಿ ನಿಂತು ಫೋಟೋ ತೆಗೆದವರೂ ಇದ್ದರು. ಅಂದು ಸಂಜೆಯೇ ಊರು ಬಿಟ್ಟು ಹೊರಡುತ್ತಿದ್ದಳು.

"ಯಾವ ಕಡೆ ತಾಯಿ?" ಬಾಯಿ ತಪ್ಪಿ ಕೇಳಿದ ದಫೇದಾರ.

ಅವಳು ಅವನ ಮುಖ ನೋಡಿದಳು. ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋದಳು.

ಅವರು ಹೋಗಿ ಎಷ್ಟೋ ಹೊತ್ತಿನ ಮೇಲೆ ಬೆಂಚಿನ ಕೆಳಗೆ ಮಗುವಿನ ನೀರಿನ ಬಾಟಲಿ ಕಂಡಿತು. ಅದರ ಮೇಲೆ ಮಗುವಿನ ಹೆಸರನ್ನು ತಾಯಿ ದುಂಡಗೆ ಬರೆದಿದ್ದಳು. ಮರೆತು ಬಿಟ್ಟುಹೋಗಿದ್ದಳು.

ದಫೇದಾರನ ಕೈ ಜೇಬಿನ ಫೋನಿಗೆ ಹೋಯಿತು. ಅಲ್ಲೇ ನಿಂತಿತು. ಬಾಟಲಿ ಎತ್ತಿಕೊಂಡು, ಮೆಟ್ಟಿಲಿಳಿದು, ತನ್ನ ಹೊಟ್ಟೆ ಹೊತ್ತುಕೊಂಡು ಬಸ್ ನಿಲ್ದಾಣದವರೆಗೆ ಓಡಿದ. ಬಸ್ಸುಗಳು ಹೊರಟಿದ್ದವು. ಯಾವ ಬಸ್ಸು ಎಂದು ಕಂಡಕ್ಟರುಗಳನ್ನು ಕೇಳಬಹುದಿತ್ತು. ಹೆಂಗಸು, ಜೊತೆಗೊಂದು ಮಗು, ಕನ್ನಡಕ ಎಂದರೆ ಯಾರಾದರೂ ಹೇಳುತ್ತಿದ್ದರು.

ಅವನು ಯಾರನ್ನೂ ಕೇಳಲಿಲ್ಲ. ಠಾಣೆಗೆ ವಾಪಸು ಬಂದು ಕಬ್ಬಿಣದ ಕಪಾಟು ತೆರೆದು, ಮುರಿದ ಕೊಡೆಯ ಪಕ್ಕದಲ್ಲಿ ಬಾಟಲಿಯನ್ನು, ಹೆಸರಿರುವ ಬದಿ ಗೋಡೆಗೆ ಬರುವ ಹಾಗೆ ತಿರುಗಿಸಿ ಇಟ್ಟ.

"ಯಾರದ್ದು ಸಾರ್ ಅದು?" ಎಂದು ಪೇದೆಯೊಬ್ಬ ಕೇಳಿದ.

"ಗೊತ್ತಿಲ್ಲ," ಅಂದ ದಫೇದಾರ, ಮತ್ತು ಬೀಗ ಹಾಕಿದ.